ಎಡಕ್ಕೆ ಬಿದ್ದ ಹೂ

ಹೂ ಎಡಕ್ಕೆ ಬಿದ್ದಿತ್ತು. ಬಲಕ್ಕೆ ಬಿತ್ತು ಎಂದು ನಾನು ಹೇಳಿದೆ. ಆ ಒಂದು ಮಾತಿನಿಂದ ಗುರುಪಾದ ಮಾಮಾ ಬಲಗೈಯ ಮೂರು ಬೆರಳು ಕಳೆದುಕೊಂಡ. ನಾಲ್ಕು ವರ್ಷ ಇದನ್ನು ಯಾರಿಗೂ ಹೇಳಿಲ್ಲ. ಬರೆಯಲು ಕೂತರೆ ಅಳು ಬರಬಹುದು ಅಂದುಕೊಂಡಿದ್ದೆ — ಬರುತ್ತಿಲ್ಲ.

ಮಾಮಾ ನನ್ನ ಅಕ್ಕನ ಗಂಡ. ಒಂದೇ ಶಾಲೆಯಲ್ಲಿ ಕಲಿತವರು ನಾವು, ಅದಕ್ಕೇ ಈ ಏಕವಚನ. ತಿಕೋಟಾದಲ್ಲಿ ಅವನಿಗೆ ಪಂಪಿನ ಮೋಟಾರ್ ರಿಪೇರಿ ಅಂಗಡಿ ಇತ್ತು. ಸುಟ್ಟ ಮೋಟಾರು ಬಿಚ್ಚಿ, ಸಣ್ಣ ತಾಮ್ರದ ತಂತಿಯನ್ನು ಮತ್ತೆ ಸುತ್ತಿ ಕೂರಿಸುವುದು ಪೂರ್ತಿ ಬೆರಳುಗಳ ಕೆಲಸ. ಅಂಥವನನ್ನು ವಿಜಯಪುರದಲ್ಲಿ ಬೌಲಿಂಗ್ ಕೇಂದ್ರ ತೆರೆಯೋಣ ಎಂದು ಪಾಲುದಾರಿಕೆಗೆ ಎಳೆದವನು ನಾನು. ಕ್ರಿಕೆಟ್ಟಿನ ಬೌಲಿಂಗ್ ಅಲ್ಲ — ಹಲಗೆಯ ಹಾದಿಯ ಮೇಲೆ ಭಾರದ ಚೆಂಡು ಉರುಳಿಸಿ, ತುದಿಯಲ್ಲಿ ನಿಂತ ಸೀಸೆಯಾಕಾರದ ಹತ್ತು ಪಿನ್ನು ಕೆಡಹುವ ಆಟ.

ಬಿದ್ದ ಪಿನ್ನುಗಳನ್ನು ಎತ್ತಿ ನಿಲ್ಲಿಸಲು ಯಂತ್ರ ಬೇಕು. ಎರಡು ಬಗೆ. ಒಂದರಲ್ಲಿ ಪ್ರತಿ ಪಿನ್ನಿನ ನೆತ್ತಿಗೂ ದಾರ ಕಟ್ಟಿರುತ್ತದೆ, ಎಳೆದರೆ ಎದ್ದು ನಿಲ್ಲುತ್ತದೆ. ಇನ್ನೊಂದು ಹಳೆಯ ಬಗೆ. ದಾರವಿಲ್ಲ, ಪಿನ್ನು ಮನಸೋ ಇಚ್ಛೆ ಹಾರುತ್ತದೆ, ಕಬ್ಬಿಣದ ತೋಳು ಬಂದು ಬಾಚಿಕೊಳ್ಳುತ್ತದೆ. ಪುಣೆಯಲ್ಲಿ ಅದರ ಸದ್ದು ಕೇಳಿದ್ದೆ. ನನಗೆ ಆ ಸದ್ದೇ ಬೇಕಿತ್ತು. ಅಲ್ಲೇ ಮುಚ್ಚಿಹೋಗಿದ್ದ ಕೇಂದ್ರವೊಂದರ ನಾಲ್ಕು ಹಳೇ ಯಂತ್ರಗಳಿಗೆ, ಮಾಮಾನಿಗೆ ತಿಳಿಸದೆ, ಮಾತು ಕೊಟ್ಟೂ ಬಂದಿದ್ದೆ.

ಆಮೇಲೆ ತೋರಿಸಲು ಅವನನ್ನು ಕರೆದೊಯ್ದೆ. ಅವನು ಮಂಡಿಯೂರಿ ಕೂತು ಹಿಂದಿನ ಮುಚ್ಚಳ ತೆಗೆದ.

"ಇದು ಬ್ಯಾಡೋ ಮಲ್ಲು. ಮುಚ್ಚಳ ತಗದ್ರ ಮಶೀನ ನಿಂದರಬೇಕು. ಇದು ನಿಂದರವಲ್ದು. ಒಂದಿನ ಯಾರದರೆ ಕೈ ತಿಂತೈತಿ. ದಾರದ್ದ ತಗೊಳ್ಳೂಣು."

"ಸೂತ್ರದ ಗೊಂಬಿ ಆಡಸಾಕ ಅಂಗಡಿ ತಗೀಬೇಕೇನು?" ಎಂದೆ. ಅವನು ನಗಲಿಲ್ಲ.

ಹದಿನೈದು ದಿನ ಜಗ್ಗಾಡಿದೆವು. ಕೊನೆಗೆ ಅಕ್ಕನೇ ತೀರ್ಮಾನ ಹೇಳಿದಳು: "ಇಬ್ರೂ ಸುಮ್ಮನಾಗ್ರಿ. ಕಾಖಂಡಕಿಗೆ ಹೋಗಿ ಹೂ ಕೇಳ್ರಿ."

ಬೋರು ಕೊರೆಸುವುದಿರಲಿ, ಹೆಣ್ಣು ಕೊಡುವುದಿರಲಿ, ನಮ್ಮ ಮನೆಯಲ್ಲಿ ಕಾಖಂಡಕಿಯ ಗುಡಿಗೆ ಹೋಗಿ ದೇವರಿಗೆ ಹೂ ಕೇಳುವುದು ರೂಢಿ. ಪೂಜಾರಿ ದೇವರ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸುತ್ತಾನೆ. ಮನಸ್ಸಿನಲ್ಲಿದ್ದುದನ್ನು ಕೇಳಿಕೊಂಡು ಕಾಯಬೇಕು. ಬಲದ ಹೂ ಮೊದಲು ಬಿದ್ದರೆ ಒಪ್ಪಿಗೆ, ಎಡದ್ದು ಬಿದ್ದರೆ ಬೇಡ. ಆಮೇಲೆ ಯಾರೂ ಚರ್ಚೆ ಮಾಡುವುದಿಲ್ಲ.

ಸೋಮವಾರ ನಾನೊಬ್ಬನೇ ಹೋದೆ. ದ್ರಾಕ್ಷಿ ತೋಟಗಳಿಗೆ ನೀರು ಬಿಡುವ ದಿನಗಳವು, ಮಾಮಾನ ಅಂಗಡಿ ಮುಂದೆ ಸುಟ್ಟ ಮೋಟಾರುಗಳ ಸಾಲು, ಅವನಿಗೆ ಬರಲಾಗಲಿಲ್ಲ. ಹಳೇ ಯಂತ್ರ ತರಲೇ ಎಂದು ಕೇಳಿಕೊಂಡೆ. ದೇವರು ಹೆಚ್ಚು ಹೊತ್ತು ಕಾಯಿಸಲಿಲ್ಲ. "ಎಡಕ್ಕ ಆತ್ರಿ. ಈ ವಿಚಾರ ಬಿಡ್ರಿ," ಎಂದ ಪೂಜಾರಿ. ತಲೆಯಾಡಿಸಿ ಬಂದೆ. ಬಬಲೇಶ್ವರದಲ್ಲಿ ಬಸ್ಸು ಬದಲಿಸಲು ನಿಂತಾಗ ಮಾಮಾನ ಫೋನು ಬಂತು.

"ಏನಾತು?"

"ಬಲಕ್ಕ ಬಿತ್ತು."

ಅಷ್ಟೇ. ಯೋಚಿಸಿ ಹೇಳಿದ್ದಲ್ಲ ಎನ್ನಲೇ — ಇಲ್ಲ, ಯೋಚಿಸಿದ್ದೆ. ಕಾಖಂಡಕಿಯಿಂದ ದಾರಿಯುದ್ದಕ್ಕೂ ಯೋಚಿಸಿದ್ದೆ.

"ಹಂಗಾರ ಮುಗೀತು ಬಿಡು," ಎಂದ ಅವನು. "ನಮಗಿಂತ ಅಂವಗ ಹೆಚ್ಚ ತಿಳೀತೈತಿ."

ಆ ಮೇಲೆ ಒಂದು ದಿನವೂ ಗೊಣಗಲಿಲ್ಲ. ತಾನೇ ನಿಂತು ಯಂತ್ರ ಜೋಡಿಸಿದ, ಒಂದೊಂದಕ್ಕೂ ನಿಲ್ಲಿಸುವ ಗುಂಡಿ ಕೂರಿಸಿದ. ವರ್ಷ ತುಂಬುವುದರೊಳಗೆ ಒಂದು ಭಾನುವಾರ ಮಧ್ಯಾಹ್ನ ಮೂರನೆಯ ಹಾದಿಯಲ್ಲಿ ಪಿನ್ನು ಸಿಕ್ಕಿಕೊಂಡಿತು. ಗುಂಡಿ ಒತ್ತಿದ, ಯಂತ್ರ ನಿಂತಿತು, ಕೈ ಹಾಕಿದ. ಅರ್ಧಕ್ಕೆ ಎದ್ದು ನಿಂತಿದ್ದ ತೋಳು ತನ್ನ ಭಾರಕ್ಕೆ ತಾನೇ ಇಳಿಯಿತು. ನಾನು ಮುಂದೆ ಗಿರಾಕಿಗಳಿಗೆ ಆಡುವಾಗ ಹಾಕಿಕೊಳ್ಳುವ ಬೂಟು ಕೊಡುತ್ತಿದ್ದೆ. ಉಳಿದ ಹಾದಿಗಳಲ್ಲಿ ಪಿನ್ನು ಉರುಳುವ ಸದ್ದಿನಲ್ಲಿ ಅವನು ಕೂಗಿದ್ದು ನನಗೆ ಕೇಳಿಸಲೇ ಇಲ್ಲ.

ಆಸ್ಪತ್ರೆಯಲ್ಲಿ ಅವನೇ ನನಗೆ ಸಮಾಧಾನ ಹೇಳಿದ. "ನೀ ಯಾಕ ಮಾರಿ ಸಣ್ಣ ಮಾಡ್ತಿ? ಅಂವ ಹೂ ಕೊಟ್ಟಾನ. ನಿಂದೇನು ತಪ್ಪೈತಿ ಇದ್ರಾಗ?"

ಆಗ ಹೇಳಬಹುದಿತ್ತು. ಹೇಳಲಿಲ್ಲ. ಅವನಿಗೆ ಉಳಿದಿರುವ ಆ ಒಂದು ಸಮಾಧಾನವನ್ನೂ ಯಾಕೆ ಕಸಿಯಲಿ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅವನ ಮೇಲಿನ ಕರುಣೆಯಲ್ಲ, ನನ್ನ ಚರ್ಮ ಉಳಿಸಿಕೊಳ್ಳುವ ಜಾಣತನ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಮಾಡಿದವನು ನಾನು, ಉಣ್ಣುತ್ತಿರುವವನು ಅವನು. ತಿಕೋಟಾದ ಅಂಗಡಿ ಮುಚ್ಚಿದೆ. ಕೇಂದ್ರಕ್ಕೆ ಈಗ ದಾರದ ಯಂತ್ರಗಳೇ ಬಂದಿವೆ. ಮಾಮಾ ದಿನಾ ಬಂದು ಕೂತು ಎಡಗೈಯಲ್ಲಿ ಬೂಟು ಎತ್ತಿ ಕೊಡುತ್ತಾನೆ. ನಾನು ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತೇನೆ. ಏನೂ ಅನ್ನಿಸುವುದಿಲ್ಲ — ಅನ್ನಿಸದೇ ಇರುವುದಕ್ಕೂ ಈಗ ರೂಢಿಯಾಗಿದೆ.

ಮೊನ್ನೆ ಅವನ ಮಗಳು ಸುಮಾಳಿಗೆ ಒಂದು ಸಂಬಂಧ ಬಂತು. ಅಕ್ಕನಿಗೆ ಒಪ್ಪಿಗೆ, ಅವನಿಗೆ ಅನುಮಾನ. ಬೂಟು ಜೋಡಿಸುತ್ತಲೇ ನನಗೆ ಹೇಳಿದ:

"ಸೋಮವಾರ ನೀನ ಹೋಗಿ ಹೂ ಕೇಳ್ಕೊಂಡು ಬಾ. ನೀ ಏನ ಹೇಳ್ತಿ ಅದ ಖರೆ."

ಹೂಂ ಎಂದೆ.

ನಾಳೆ ಸೋಮವಾರ. ನಾನು ಕಾಖಂಡಕಿಯ ಬಸ್ಸು ಹತ್ತುವುದಿಲ್ಲ, ಬೆಳಗ್ಗೆಯೇ ತಿಕೋಟಾಕ್ಕೆ, ಮಾಮಾನ ಮನೆಗೆ ಹೋಗುತ್ತೇನೆ. ಅಕ್ಕ ಇರುತ್ತಾಳೆ, ಸುಮಾ ಇರುತ್ತಾಳೆ. ಅವರೆದುರಿಗೇ ಅವನಿಗೆ ಹೇಳುತ್ತೇನೆ. ಹೊರಗೆ ಹಾಕಬಹುದು, ಸುಮ್ಮನೆ ಕೂತುಬಿಡಬಹುದು — ಗೊತ್ತಿಲ್ಲ. ಇಷ್ಟು ದಿನ ಆ ಕೈ ನೋಡಿಕೊಂಡಾಗ ಅವನಿಗೆ ದೇವರು ನೆನಪಾಗುತ್ತಿದ್ದ. ನಾಳೆಯಿಂದ ನಾನು ನೆನಪಾಗುತ್ತೇನೆ. ಹಾಗೇ ಆಗಬೇಕು.