ಚೇಳಿನ ಮಂತ್ರದ ಮೂರನೆಯ ಸಾಲು

ಗಲಗಲಿಯ ನನ್ನ ಸೋದರತ್ತೆ ಚೇಳು ಕಡಿದವರಿಗೆ ಮಂತ್ರ ಹಾಕುತ್ತಿದ್ದಳು. ನಾಲ್ಕೇ ಸಾಲು, ಪ್ರತಿ ಮಾತೂ ‘ಕ’ದಿಂದ ಶುರು. ಜಮಖಂಡಿಯಲ್ಲಿ ಕನ್ನಡ ಎಂ.ಎ. ಓದುವಾಗ ನಾನು ಅನುಪ್ರಾಸದ ಬಗ್ಗೆ ಒಂದು ಪ್ರಬಂಧ ಬರೆದಿದ್ದೆ. ಒಂದೇ ಅಕ್ಷರ ಮರಳಿ ಮರಳಿ ಬಂದರೆ ಮಾತು ಮರೆಯುವುದಿಲ್ಲ ಎಂಬುದು ಅದರ ಸಾರ. ಅತ್ತೆ ಅದನ್ನು ಓದಿರಲಿಲ್ಲ. ಆದರೂ ಮಂತ್ರವನ್ನು ನನಗೇ ಕೊಟ್ಟಳು.

ಕೊಡುವುದಕ್ಕೆ ಕಟ್ಟಳೆಗಳಿದ್ದವು. ಗ್ರಹಣದ ದಿನ ಹೊಳೆಯಲ್ಲಿ ನಿಂತು ಒಮ್ಮೆ ಮಾತ್ರ ಹೇಳಬೇಕು. ಕಾಗದಕ್ಕೆ ಹಾಕಬಾರದು. ಕೊಟ್ಟವರು ಮತ್ತೆಂದೂ ಅದನ್ನು ನುಡಿಯಬಾರದು. ಅಂದರೆ ನಾನು ಮರೆತರೆ ಮಂತ್ರ ಅಲ್ಲಿಗೆ ಮುಗಿಯಿತು. ಆ ದಿನ ನೀರು ಮೊಣಕಾಲವರೆಗೆ ಇತ್ತು ಎಂದು ನನ್ನ ನೆನಪು. ಸೊಂಟದವರೆಗೆ ಇತ್ತು ಎನ್ನುತ್ತಾಳೆ ಅತ್ತೆ.

ಮರುವರ್ಷ ದನಗಳಿಗೆ ಬಣವೆಯಿಂದ ಕಣಕಿ, ಅಂದರೆ ಜೋಳದ ಒಣ ದಂಟು, ಹಿರಿಯುವಾಗ ಅತ್ತೆಯನ್ನೇ ಚೇಳು ಕಡಿಯಿತು. ಬಣವೆಯ ಮುಂದೆ ಕುಳಿತು ನನ್ನತ್ತ ಕೈ ಚಾಚಿದಳು.

“ಹಾಕು.”

“ದವಾಖಾನಿಗಿ ಹೋಗೂಣ ಅತ್ತಿ.”

“ಆಟೋ ಬರೂತನಕ ಹಾಕು. ಅಷ್ಟ ಸಾಲಿ ಕಲ್ತಿದಿ, ನಾಕ ಸಾಲ ಹೇಳಾಕ ಏನ ಧಾಡಿ?”

ಎರಡು ಸಾಲು ಬಂದವು. ಮೂರನೆಯದು ಬರಲಿಲ್ಲ. ‘ಕ’ದ ಮಾತುಗಳು ಬೇಕಾದಷ್ಟು ಬಂದವು, ಯಾವುದು ಅತ್ತೆಯದು ಎಂದು ತಿಳಿಯಲಿಲ್ಲ. “ಕಣಕಿ ಕಾಯೂ ಕರಿಯ ಕೊಂಡಿ” ಎಂದುಬಿಟ್ಟೆ. ಅತ್ತೆ ಒಂದು ಕಣ್ಣು ತೆರೆದಳು. ತಿದ್ದುವಂತಿರಲಿಲ್ಲ. ಮತ್ತೆ ಮುಚ್ಚಿದಳು. ನಾಲ್ಕನೆಯ ಸಾಲು ಸರಾಗವಾಗಿ ಬಂತು.

ಬೀಳಗಿಯಲ್ಲಿ ಸೂಜಿ ಹಾಕಿದರು. ಸಂಜೆಗೆ ನೋವು ಇಳಿಯಿತು.

“ಸೂಜಿಗಿ ಇಳೀತೋ, ಮಂತ್ರಕ್ಕ ಇಳೀತೋ?” ಎಂದು ಕೇಳಿದೆ.

“ಸೂಜಿ ಹಾಕಿದಾಕಿ ಎಲ್ಲೂ ತಡವರಿಸಲಿಲ್ಲ ನೋಡು.”

“ಮೂರನೇದು ತಪ್ಪಿತ್ತೇನ ಅತ್ತಿ?”

“ನಾ ಹೆಂಗ ಹೇಳ್ಲಿ? ಕೊಟ್ಟೇನಿ, ಆತು.”

ಈಗ ಬನಹಟ್ಟಿಯಲ್ಲಿರುವ ನನ್ನ ಹತ್ತಿರವೂ ಆಗಾಗ ಚೇಳು ಕಡಿದವರು ಬರುತ್ತಾರೆ. ಮೊದಲು ದವಾಖಾನೆಗೆ ಹೋಗಲು ಆಟೋ ಕರೆಸಿ, ಅದು ಬರುವತನಕ ಮಂತ್ರ ಹಾಕುತ್ತೇನೆ, ಮೂರನೆಯದಕ್ಕೆ ಆ ಸಾಲನ್ನೇ ಹೇಳುತ್ತೇನೆ. ಕಣಕಿ ಕಣ್ಣ ಮುಂದಿತ್ತೆಂದು ಆ ಮಾತು ಬಂತೋ, ಚೇಳು ಇರುವುದೇ ಕಣಕಿಯಲ್ಲಿ ಎಂದು ಅದು ಮೊದಲಿನಿಂದಲೂ ಮಂತ್ರದಲ್ಲಿತ್ತೋ, ಗೊತ್ತಿಲ್ಲ. ಎಷ್ಟೋ ಸಲ ಹೇಳಿದ ಮೇಲೆ ಅದು ಅತ್ತೆಯ ದನಿಯಲ್ಲೇ ಕೇಳಿಸುತ್ತದೆ. ಪ್ರಬಂಧದಲ್ಲಿ ನಾನು ಇದನ್ನು ಬರೆದಿರಲಿಲ್ಲ.

ಮೊನ್ನೆ ಗಲಗಲಿಗೆ ಹೋದಾಗ, ಈ ಸಂಗತಿ ಬರೆಯಲೇ ಎಂದು ಕೇಳಿದೆ.

“ಮಂತ್ರಾನೂ ಬರೀತಿಯೇನ?”

“ಮೂರನೇ ಸಾಲ ಒಂದ.”

ಅತ್ತೆ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

“ಅದನ್ನ ಬೇಕಾದ್ರ ಬರಿ. ಅದಕ್ಕ ಕಟ್ಟಳಿ ಇಲ್ಲ.”