ತಲೆದೆಸೆಯ ಕಣಜ

ನಮ್ಮತ್ತೆಯ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿಹೋಗಿತ್ತು. ಸೇರಿಗೆ ರಾಗಿ ತುಂಬಿದ ಮೇಲೆ ಆ ಹೆಬ್ಬೆರಳಿನಿಂದಲೇ ಅಂಚಿಗೆ ಸಮನಾಗಿ ಒರೆಸುವರು. ಉಗುರಿನ ಸೀಳಿಗೆ ಒಂದೆರಡು ಕಾಳು ಸಿಕ್ಕಿಕೊಂಡರೆ ಅವನ್ನೂ ಕಣಜಕ್ಕೇ ಉದುರಿಸುವರು. ಅಂಥ ಕೈ ಅದು. ಸೊಸೆಯ ತಟ್ಟೆಗೆ ಮುದ್ದೆ ಇಡುವಾಗಲೂ ಒಮ್ಮೆ ತೂಗಿ ನೋಡುತ್ತಿತ್ತು.

ಹೊಳಲ್ಕೆರೆ ಕಡೆಯ ಹಳ್ಳಿ ನಮ್ಮದು. ಕುರಿ, ಹೊಲ ಎರಡೂ ಇದ್ದ ಮನೆ. ಪಡಸಾಲೆಯ ಮೂಲೆಯಲ್ಲಿ ಆಳೆತ್ತರದ ತಗಡಿನ ಕಣಜವಿತ್ತು. ಯಾರೋ ಬಳಸಿ ಬಿಟ್ಟದ್ದನ್ನು ಮಾವ ತಂದದ್ದು. ತಗಡಿನ ಬಳೆಗಳನ್ನು ಒಂದರ ಮೇಲೊಂದು ಕೂರಿಸಿ ಬೋಲ್ಟು ಬಿಗಿದಿದ್ದರು. ಬುಡದಲ್ಲಿ ಅಂಗೈಯಗಲದ ಬಾಯಿ, ಅದಕ್ಕೊಂದು ಮುಚ್ಚಳ.

ನಮ್ಮವ್ವ ಅದೇ ಊರಿನ ಕೆಳಗಿನ ಕೇರಿಯಲ್ಲಿ ಒಬ್ಬಳೇ ಇದ್ದಳು. ಮಂಡಿನೋವಿನಿಂದ ಕೂಲಿಗೆ ಹೋಗುವುದು ನಿಂತಿತ್ತು. ರೇಷನ್ ಅಕ್ಕಿ ತಿಂಗಳು ತುಂಬುವ ಮೊದಲೇ ಮುಗಿಯುತ್ತಿತ್ತು. ಅತ್ತೆ ಹೊಲಕ್ಕೆ ಹೋದಾಗ ನಾನು ಸೆರಗಿನಲ್ಲಿ ರಾಗಿ ಕಟ್ಟಿಕೊಂಡು ಹೋಗಿ ಅವಳಿಗೆ ಕೊಟ್ಟು ಬರುತ್ತಿದ್ದೆ. ಕದ್ದೆ ಅಂತ ನಾನಂತೂ ಅನ್ನಲಾರೆ. ಆ ರಾಗಿಯ ಕಳೆ ಕಿತ್ತವಳು ನಾನು, ಕೊಯ್ದವಳೂ ನಾನೇ.

ಹಾಳಾದ ಕೋಳಿಗಳು! ಸೆರಗಿನಿಂದ ಸೋರಿದ ಕಾಳು ಹೆಕ್ಕುತ್ತ ಹಿತ್ತಲಿನಿಂದ ಅವ್ವನ ಬಾಗಿಲತನಕ ಸಾಲು ಹಿಡಿದು ಹೋಗಿದ್ದವು. ಅತ್ತೆ ಆ ಕೋಳಿಗಳ ಹಿಂದೆಯೇ ನಡೆದರು. ಬಂದವರು ಏನೂ ಕೇಳಲಿಲ್ಲ. ಬೈದಿದ್ದರೆ ಬೈಸಿಕೊಂಡು ಸುಮ್ಮನಾಗುತ್ತಿದ್ದೆ.

ಮಾರನೆಯ ದಿನ ವೆಲ್ಡಿಂಗ್ ಅಂಗಡಿಯವನನ್ನು ಕರೆಸಿದರು. "ಕಣಜ ಬಿಚ್ಚಿ ನನ್ನ ಕ್ವಾಣಿಗೆ ಹಾಕಪ್ಪ. ಬಾಯಿ ನನ್ನ ಮಂಚದ ತಲೆದೆಸಿಗೆ ಬರ್ಬೇಕು" ಎಂದರು. ಅಷ್ಟಕ್ಕೇ ಬಿಟ್ಟಿದ್ದರೆ ಅವರು ನಮ್ಮತ್ತೆ ಹೇಗಾದಾರು? ಚೆಲ್ಲಿದ ರಾಗಿ ಬಳಿಯಲು ಆಳಿಲ್ಲವೆಂದು ನಮ್ಮವ್ವನಿಗೆ ಹೇಳಿಕಳಿಸಿದರು.

ಮಗಳ ಮನೆಯ ಕೆಲಸವೆಂದು ಅವ್ವ ಕುಂಟುತ್ತಲೇ ಹಿಗ್ಗಿನಿಂದ ಬಂದಳು.

"ಬರ್ರಿ ಬೀಗ್ರೆ, ಕುಂತ್ಕಳ್ರಿ. ನಮ್ಮ ರಾಗಿ ಗುರುತು ನಿಮಗೈತಲ್ಲ" ಎಂದರು ಅತ್ತೆ.

ಅವ್ವನ ಮುಖ ಬಿಳಿಚಿಕೊಂಡಿತು. ರಾಗಿಯನ್ನು ಟಾರ್ಪಾಲಿಗೆ ಸುರಿದು, ಒಂದೊಂದೇ ಬಳೆ ಬಿಚ್ಚಿ, ಕೋಣೆಯೊಳಗೆ ಕೂರಿಸಿ ಮತ್ತೆ ತುಂಬುವತನಕ ಅವಳು ತಗ್ಗಿಸಿದ ತಲೆ ಎತ್ತಲಿಲ್ಲ. ನೆಲದ ಬಿರುಕಿನಲ್ಲಿದ್ದ ಕಾಳನ್ನೂ ಬೆರಳಿನಿಂದ ಹೆಕ್ಕಿದಳು. ನನ್ನ ಗಂಡ ಏಣಿ ಹಿಡಿದು ನಿಂತಿದ್ದ.

ಅವ್ವ ಹೊರಟಾಗ ಅತ್ತೆ ಹೊಸ್ತಿಲಿಗೆ ಬಂದು ನಿಂತರು. "ಬೀಗ್ರೆ, ಸೆರಗು ಕೊಡವಿ ಹೋಗ್ರಿ. ಕಾಳು ಅಂಟ್ಕಂಡಿರ್ತಾವೆ."

ಅವ್ವ ಸೆರಗು ಬಿಚ್ಚಿ ಎಲ್ಲರ ಎದುರು ಕೊಡವಿದಳು. ಒಂದು ಕಾಳೂ ಬೀಳಲಿಲ್ಲ.

"ಸಾಕೇನ್ರಿ?" ಅಂದಳು.

"ಇನ್ನೊಂದ್ಸಲ" ಅಂದರು ಅತ್ತೆ.

ಅವ್ವ ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ. ನನ್ನ ಪಾಲಿನ ಮುದ್ದೆಯಲ್ಲಿ ಅರ್ಧ ಮುರಿದು ಒಯ್ದರೆ, "ಆ ಮನಿ ರಾಗಿ ನಂಗೆ ಗಂಟ್ಲಾಗೆ ಇಳಿಯಲ್ಲ, ನೀ ಉಣ್ಣು ಹೋಗವ್ವ" ಎಂದು ಬಾಗಿಲು ಮುಂದೆ ಮಾಡಿದಳು. ಹಸಿದುಕೊಂಡೇ ಸವೆದಳು. ಮುಂದಿನ ಸುಗ್ಗಿ ನೋಡಲಿಲ್ಲ. ಅವಳ ತಿಥಿಯ ಅಡುಗೆಗೆ ಅತ್ತೆ ಒಂದು ಸೇರು ರಾಗಿ ಕೊಟ್ಟರು. ಹೆಬ್ಬೆರಳಿನಿಂದ ಒರೆಸಿಯೇ ಕೊಟ್ಟರು.

ಆಮೇಲೆ ಅತ್ತೆಗೆ ಲಕ್ವ ಹೊಡೆಯಿತು. ದುರ್ಗದ ಆಸ್ಪತ್ರೆಯವರು ಮನೆಗೆ ಕಳಿಸಿದರು. ಕಣಜದ ಬುಡದಲ್ಲೇ ಮಲಗಿರುತ್ತಿದ್ದರು, ಮುಚ್ಚಳ ಎತ್ತುವ ಶಕ್ತಿಯಿಲ್ಲ. ಅವರ ತಲೆಯ ಮೇಲಿಂದ ಕೈ ಚಾಚಿ ರಾಗಿ ತೆಗೆದು, ಅಂಬಲಿ ಕಾಯಿಸಿ ಕುಡಿಸುವವಳು ನಾನೇ. ಒಂದು ದಿನ ಕುಡಿಸಿ ಏಳುವಾಗ, ಆಡುವ ಕೈಯಿಂದ ನನ್ನ ಸೆರಗು ಹಿಡಿದೆಳೆದರು. ಒಂದು ಒಳ್ಳೆಯ ಮಾತಿಗಾಗಿ ಇಷ್ಟು ವರ್ಷ ಕಾದವಳು ನಾನು. ಬಗ್ಗಿ ಕಿವಿಗೊಟ್ಟೆ. ಸೊಟ್ಟಗಾದ ಬಾಯಿಂದ ತೊದಲಿದರು.

"ಕೊಡವು."

ಕೊಡವಿದೆ. ಅವರು ನನ್ನೊಡನೆ ಆಡಿದ ಕೊನೆಯ ಮಾತು ಅದು.

ಕಣಜ ಈಗಲೂ ಆ ಕೋಣೆಯಲ್ಲೇ ಇದೆ. ಕೇಳುವವರಿಲ್ಲ, ಎಷ್ಟು ಬೇಕಾದರೂ ತೆಗೆಯಬಹುದು. ಆದರೂ ಮುಚ್ಚಳ ಇಳಿಸಿ ಎದ್ದ ಕೂಡಲೇ ನನ್ನ ಕೈ ತಾನಾಗಿಯೇ ಸೆರಗು ಕೊಡವುತ್ತದೆ. ಕೋಳಿಗಳು ಓಡಿ ಬರುತ್ತವೆ. ಕಟ್ಟಿಕೊಂಡು ಕೆಳಗಿನ ಕೇರಿಗೆ ಹೋಗೋಣವೆಂದರೆ ಅವ್ವ ಎಲ್ಲಿದ್ದಾಳೆ?