ನಮ್ಮ ಮಾವನ ಫೋನು ಜಪ

ನಮ್ಮ ಮಾವ ಇನ್ನಾಸಪ್ಪನವರನ್ನು ಒಂದು ಕಡೆ ಕೂರಿಸಲು ಕೋವಿಡ್ಡಿನಿಂದಲೂ ಆಗಲಿಲ್ಲ, ನನ್ನಿಂದಲೂ ಆಗಲಿಲ್ಲ. ಬೆಟ್ಟದಪುರದ ಸುತ್ತಮುತ್ತಲ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನು ಮನೆಗಳಲ್ಲಿ ಮೂವತ್ತು ವರ್ಷ ಬೆಂಕಿ ಕಾದ ಮನುಷ್ಯ ಅವರು. ಬ್ಯಾರನ್ನಿನ ಶಾಖ ಸ್ವಲ್ಪ ಏರಿದರೂ ಇಳಿದರೂ ಸೊಪ್ಪು ಹಾಳು, ಹಾಗಾಗಿ ಗಳಿಗೆಗೊಮ್ಮೆ ಎದ್ದು ಥರ್ಮಾಮೀಟರು ನೋಡಬೇಕು. ಕೆಲಸ ಬಿಟ್ಟು ಹತ್ತು ವರ್ಷ ಕಳೆದರೂ ಕಾಲಿಗೆ ಅದು ಗೊತ್ತಾಗಿರಲಿಲ್ಲ. ಊಟಕ್ಕೆ ಕೂತರೆ ಎರಡು ತುತ್ತು ತಿಂದು, ಎದ್ದು, ಬಾಗಿಲಿಗೆ ಹೋಗಿ ಬೀದಿ ನೋಡಿಕೊಂಡು ಬಂದು ಮೂರನೆಯ ತುತ್ತು ತಿನ್ನುತ್ತಿದ್ದರು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಸಾರು ರುಚಿಯಿಲ್ಲವೇನೋ ಎಂದು ಅತ್ತಿದ್ದೂ ಉಂಟು.

ನಮ್ಮ ಕೇರಿಯಲ್ಲಿ ಇಪ್ಪತ್ತೊಂದು ಕ್ರೈಸ್ತರ ಮನೆಗಳು, ಒಂದು ಪುಟ್ಟ ಚರ್ಚು. ಪಾದ್ರಿಗಳನ್ನು ನಾವು ಸ್ವಾಮಿಗಳು ಅನ್ನುತ್ತೇವೆ. ಅವರು ಪಿರಿಯಾಪಟ್ಟಣದಲ್ಲಿರುತ್ತಾರೆ, ಭಾನುವಾರ ಬೈಕಿನಲ್ಲಿ ಬಂದು ಪೂಜೆ ಕೊಟ್ಟು ಹೋಗುತ್ತಾರೆ. ಮಿಕ್ಕ ಆರು ದಿನ ಚರ್ಚಿನ ಬೀಗದ ಕೈ ಮಾವನದು, ಮಕ್ಕಳಿಗೆ ಧರ್ಮೋಪದೇಶ ಮಾವನದು, ಯಾರ ಮನೆಯಲ್ಲಿ ಯಾರು ಮುನಿಸಿಕೊಂಡಿದ್ದಾರೆ ಅನ್ನುವ ಚಿಂತೆಯೂ ಮಾವನದೇ. ಇದಕ್ಕೆಲ್ಲ ಸಂಬಳವಿಲ್ಲ. ಬೈಗುಳ ಮಾತ್ರ ತಿಂಗಳು ತಿಂಗಳು ಸಿಗುತ್ತಿತ್ತು, ಅದರಲ್ಲಿ ಅರ್ಧ ನನ್ನದು.

ಎರಡನೆಯ ಅಲೆಯ ಲಾಕ್‌ಡೌನು ಬಂದಾಗ ಮೇ ತಿಂಗಳು ಹತ್ತಿರವಿತ್ತು. ಮೇ ಅಂದರೆ ನಮಗೆ ಮಾತೆ ಮರಿಯಮ್ಮನವರ ತಿಂಗಳು. ಮಾತೆಯ ಸ್ವರೂಪ, ಅಂದರೆ ಪ್ರತಿಮೆ, ದಿನಕ್ಕೊಂದು ಮನೆಗೆ ಹೋಗುತ್ತದೆ. ಸಂಜೆ ಕೇರಿಯವರೆಲ್ಲ ಆ ಮನೆಯಲ್ಲಿ ಸೇರಿ ಜಪಸರ ಹೇಳಿ, ಚುರುಮುರಿ ತಿಂದು, ಮಾತಾಡಿಕೊಂಡು ಬರುತ್ತೇವೆ. ಈ ಸಲ ಚರ್ಚಿಗೆ ಬೀಗ ಬಿತ್ತು, ಒಬ್ಬರ ಮನೆಗೆ ಇನ್ನೊಬ್ಬರು ಕಾಲಿಡುವಂತಿರಲಿಲ್ಲ. ಮಾವ ಎರಡು ದಿನ ಬೋನಿಗೆ ಬಿದ್ದವರಂತೆ ಅಂಗಳದಲ್ಲಿ ತಿರುಗಿದರು. ಮೂರನೆಯ ದಿನ ನನ್ನ ಗಂಡನ ಹಳೆಯ ಫೋನು ಹಿಡಿದುಕೊಂಡು ಬಂದು, ಒಂದೇ ಕರೆಗೆ ಐದು ಜನರನ್ನು ಸೇರಿಸುವುದು ಹೇಗೆ ತೋರಿಸು ಎಂದರು.

ತೋರಿಸಿದೆ. ಜಪಸರದಲ್ಲಿ ಐದು ಭಾಗ, ಭಾಗಕ್ಕೆ ಹತ್ತು ಮಣಿ, ಮಣಿಗೊಂದು ನಮೋ ಮರಿಯಾ. ಫೋನಿನ ಒಂದು ಕರೆಗೆ ಸೇರುವುದೂ ಐದೇ ಮನೆ, ಮನೆಗೆ ಹತ್ತು ಮಣಿ. ನಮ್ಮದು ಬಿಟ್ಟು ಇಪ್ಪತ್ತು ಮನೆಗೆ ನಾಲ್ಕು ಕರೆ.

"ನೋಡವ್ವ ಮೇರಿ, ಫೋನ್ ಕಂಪ್ನಿಯವ್ರಿಗೂ ಜಪಸರ ಗೊತ್ತಿತ್ತು ಅಂತ ಕಾಣ್ತದೆ," ಅಂದರು.

ಸಂಜೆ ನಾಲ್ಕೂವರೆಗೆ ಶುರುವಾದರೆ ಏಳರವರೆಗೆ ನಡೆಯುತ್ತಿತ್ತು. ಒಂದೇ ಜಪವನ್ನು ನಾಲ್ಕು ಸಲ ಕೇಳಿ ಮಾತೆಗೇ ಸಾಕಾಗಿರಬೇಕು ಎಂದು ನಾನು ರೇಗಿಸುತ್ತಿದ್ದೆ. ಆದರೆ ಮಾವ ಕೇಳುತ್ತಿದ್ದುದು ಜಪ ಒಂದನ್ನೇ ಅಲ್ಲ. ಯಾರ ಉಸಿರು ನಡುವೆ ನಿಲ್ಲುತ್ತದೆ, ಯಾರು ಮಗಳ ಕೈಗೆ ಫೋನು ಕೊಟ್ಟು ಜಾರಿಕೊಂಡರು, ಯಾರ ಹಿಂದೆ ಮಗು ಹಸಿವಿಗೆ ಅಳುತ್ತಿದೆ, ಎಲ್ಲ ಅವರ ಕಿವಿಗೆ ಬೀಳುತ್ತಿತ್ತು. ಜಪ ಮುಗಿದ ಮೇಲೆ ಸ್ವಾಮಿಗಳಿಗೆ ಫೋನು. ಮಾರನೆಯ ಬೆಳಿಗ್ಗೆ ಪಿರಿಯಾಪಟ್ಟಣದಿಂದ ಅಹಮದ್ ಪಾಷಾ ಅವರ ಓಮ್ನಿ ಬರುತ್ತಿತ್ತು. ಅವರು ಬಾಡಿಗೆ ಗಾಡಿಯವರು, ಆ ಎರಡು ತಿಂಗಳು ಚರ್ಚಿನ ಕೆಲಸಕ್ಕೇ ನಿಂತುಬಿಟ್ಟಿದ್ದರು. ಅಕ್ಕಿ ಬೇಳೆ, ಮಾತ್ರೆ, ಬೆರಳಿಗೆ ಸಿಕ್ಕಿಸಿ ಆಕ್ಸಿಜನ್ ನೋಡುವ ಯಂತ್ರ ಎಲ್ಲ ಇಳಿಸಿ ಹೋಗುತ್ತಿದ್ದರು. ಕಾಯಿಲೆ ಬಿದ್ದ ಮನೆಗೆ ಎರಡೂ ಹೊತ್ತು ಊಟ ಕಳಿಸಲು ಮಿಕ್ಕ ಮನೆಗಳಿಗೆ ಸರದಿ ಗೊತ್ತಾಗಿತ್ತು.

ನನಗೆ ಸಿಟ್ಟಿದ್ದುದು ಇದರ ಮೇಲಲ್ಲ. ಕಾಯಿಲೆಯ ಮನೆಗಳ ಗೇಟಿನವರೆಗೆ ಊಟ ಒಯ್ಯುವ ಕೆಲಸ ಮಾವ ತಾವೇ ಹಚ್ಚಿಕೊಂಡಿದ್ದರು. ಅರವತ್ತಾರು ವಯಸ್ಸು, ಸಕ್ಕರೆ ಕಾಯಿಲೆ, ಬ್ಯಾರನ್ನಿನ ಹೊಗೆ ಕುಡಿದ ಎದೆ. ನನ್ನ ಗಂಡ ಕೊಡಗಿನ ಕಾಫಿ ತೋಟದಲ್ಲಿ ಲಾರಿ ಓಡಿಸುವವರು, ಅಲ್ಲೇ ಸಿಕ್ಕಿಕೊಂಡಿದ್ದರು. ಅಪ್ಪನನ್ನು ಹೊರಗೆ ಬಿಡಬೇಡ ಎಂದು ದಿನಾ ಫೋನಿನಲ್ಲಿ ಅಪ್ಪಣೆ. ಬಿಡದೆ ಇರಲು ಇವರೇನು ಕರುವೇ? ಮುಂಬಾಗಿಲಿಗೆ ಬೀಗ ಹಾಕಿದರೆ ಹಿಂಬಾಗಿಲು. ಚಪ್ಪಲಿ ಬಚ್ಚಿಟ್ಟರೆ ಬರಿಗಾಲು. ಅವರು ತಿರುಗಿ ಬರುವವರೆಗೆ ನಾನು ಒಲೆಗೂ ಬಾಗಿಲಿಗೂ ಓಡಾಡುತ್ತಿದ್ದೆ. ಅವರ ಚಾಳಿ ನನಗೂ ಅಂಟಿತ್ತು.

ಮೂರನೆಯ ಕರೆಯಲ್ಲಿ ಕೊನೆಯ ಸರದಿ ಲೂರ್ದಮ್ಮನದು. ಅವರಿಗೆ ಅರವತ್ತು ದಾಟಿತ್ತು. ಗಂಡ ರಾಯಪ್ಪ ತೀರಿಕೊಂಡ ಮೇಲೆ ಮಗಳು ಸೆಲ್ವಿಯ ಜೊತೆ ಕೇರಿಯ ಕೊನೆಯ ಮನೆಯಲ್ಲಿದ್ದರು. ಸೆಲ್ವಿ ಹುಣಸೂರಿನ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಲೂರ್ದಮ್ಮನಿಗೆ ಒಂಬತ್ತು ಕೋಳಿ, ಒಂದಕ್ಕೂ ಭಯಭಕ್ತಿಯಿಲ್ಲ. "ನಮೋ ಮರಿಯಾ" ಎಂದು ಶುರುಮಾಡಿ, "ಉಶ್, ಆಚೆಗೋಗು, ನಿನ್ ಬಾಯಿಗೆ ಮಣ್ಣಾಕ" ಎಂದು ಕೋಳಿ ಓಡಿಸಿ, ಅದೇ ಉಸಿರಿನಲ್ಲಿ ಪ್ರಾರ್ಥನೆಗೆ ಮರಳುತ್ತಿದ್ದರು. ಹತ್ತು ಮಣಿಗೆ ನಾಲ್ಕು ಸಲವಾದರೂ ಕೋಳಿ ಬರುತ್ತಿತ್ತು. ಕರೆಯಲ್ಲಿದ್ದ ಮಿಕ್ಕ ಮನೆಯವರೂ ನಗು ತಡೆದುಕೊಂಡು ಜಪ ಮುಗಿಸುತ್ತಿದ್ದರು.

ಮೇ ಹನ್ನೊಂದರ ಸಂಜೆ ಆ ಕರೆ ಮುಗಿಸಿದ ಮಾವ ನಾಲ್ಕನೆಯದನ್ನು ಶುರುಮಾಡದೆ ಅಂಗಳದಲ್ಲಿ ನಿಂತರು.

"ಲೂರ್ದಮ್ಮ ಇವತ್ತು ಕೋಳಿ ಓಡಿಸ್ನಿಲ್ಲ ಕಣವ್ವ," ಎಂದರು.

"ಕೋಳಿ ಬಂದಿರಕಿಲ್ಲ."

"ಬಂದಿದ್ವು. ಸದ್ದು ಕೇಳುಸ್ತು. ಅವ್ಳೇ ಓಡಿಸ್ನಿಲ್ಲ. ನಾನೊಂದಪ ಓಗಿ ನೋಡ್ಕಬತ್ತೀನಿ."

ಅಂದು ಬೆಳಿಗ್ಗೆಯಷ್ಟೇ ಪಕ್ಕದ ಊರಿನಲ್ಲಿ ಇಬ್ಬರು ಹೋಗಿದ್ದ ಸುದ್ದಿ ಬಂದಿತ್ತು. ನನಗೆ ರೇಗಿತು. ಬಾಗಿಲಿಗೆ ಅಡ್ಡ ನಿಂತೆ. "ಕೋಳಿ ಓಡಿಸ್ನಿಲ್ಲ ಅಂತ ಸಾಯಕೆ ಓಯ್ತೀರಾ? ನಿಮ್ಮ ಮಗ ಬಂದು ನನ್ನ ಕೇಳುದ್ರೆ ಏನಂತ ಯೋಳ್ಲಿ? ಸುಮ್ಕೆ ಕೂತ್ಕಳಿ," ಎಂದೆ. ಮಾವ ನನ್ನ ಮುಖ ನೋಡಿದರು. ನಾನು ಅಳುತ್ತಿದ್ದೆ ಎಂದು ಕಾಣುತ್ತದೆ. ಹೋಗಿ ಜಗಲಿಯ ಮೇಲೆ ಕೂತರು. ಇಷ್ಟು ವರ್ಷದಲ್ಲಿ ಅವರು ನನ್ನ ಮಾತು ಕೇಳಿದ್ದು ಅದೊಂದೇ ದಿನ. ಆ ದಿನವನ್ನು ನಾನು ಯಾರಿಗೆ ವಾಪಸ್ಸು ಕೊಡಲಿ?

ಮಾರನೆಯ ಸಂಜೆಯೂ ಲೂರ್ದಮ್ಮನ ಸರದಿಯ ಹತ್ತು ಮಣಿ ಒಂದೇ ಸಮನೆ, ತಡವರಿಸದೆ ಬಂದವು. ಮಾವ ನಾಲ್ಕನೆಯ ಕರೆಯನ್ನು ಅಲ್ಲಿಗೇ ಬಿಟ್ಟು, ಬರಿಗಾಲಲ್ಲಿ ಹೊರಟರು. ನಾನು ಎರಡು ಮಾಸ್ಕು ಹಿಡಿದು ಹಿಂದೆ ಓಡಿದೆ. ಬಾಗಿಲು ತೆರೆದದ್ದು ಸೆಲ್ವಿ. ಅವಳ ಕೈಯಲ್ಲಿ ಇನ್ನೂ ಫೋನಿತ್ತು. ತಾಯಿ ಮಗಳದು ಒಂದೇ ದನಿ, ಎರಡು ದಿನದಿಂದ ಅಮ್ಮನ ಜಪ ಅವಳೇ ಹೇಳುತ್ತಿದ್ದಳು. ಒಳಗೆ ಲೂರ್ದಮ್ಮ ಗೋಡೆಗೆ ಒರಗಿ ಕೂತು, ಉಸಿರಿಗಾಗಿ ಬಾಯಿ ತೆರೆದಿದ್ದರು. ಮಾವ ಜೇಬಿನಿಂದ ಆಕ್ಸಿಜನ್ ಯಂತ್ರ ತೆಗೆದು ಅವರ ಬೆರಳಿಗೆ ಸಿಕ್ಕಿಸಿದರು. ಎಪ್ಪತ್ತೊಂಬತ್ತು ತೋರಿಸಿತು. ತೊಂಬತ್ತೈದರ ಹತ್ತಿರ ಇರಬೇಕಾದದ್ದು.

"ಯಾರ್ಗೂ ಯೋಳ್ಬ್ಯಾಡ ಅಂತ ಆಣೆ ಆಕುಸ್ಕಂಡ್ಲು ದೊಡ್ಡಪ್ಪ," ಎಂದಳು ಸೆಲ್ವಿ.

ಲೂರ್ದಮ್ಮನಿಗೆ ಸಾವಿನ ಭಯವಿರಲಿಲ್ಲ. ಆಸ್ಪತ್ರೆಗೆ ಹೋದವರು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಸೀದಾ ಚಿತೆಗೆ ಹೋಗುತ್ತಾರೆ ಅನ್ನುವ ಭಯ. ಗಂಡನ ಸಮಾಧಿಯ ಪಕ್ಕ ಹದಿನಾಲ್ಕು ವರ್ಷದಿಂದ ಜಾಗ ಬಿಡಿಸಿಟ್ಟುಕೊಂಡಿದ್ದರು, ಪ್ರತಿ ನವೆಂಬರಿನ ಸತ್ತವರ ಹಬ್ಬಕ್ಕೆ ಅದರ ಹುಲ್ಲು ತಾವೇ ಕೀಳುತ್ತಿದ್ದರು. "ನನ್ನ ಸುಟ್ಬುಡ್ತಾರೆ ಇನ್ನಾಸಣ್ಣ, ನಾನು ಒಲ್ಲೆ," ಎಂದು ಬಿಟ್ಟು ಬಿಟ್ಟು ಹೇಳಿದರು.

ಮಾವ ಅವರ ಮುಂದೆ ಕುಕ್ಕುರುಗಾಲಲ್ಲಿ ಕೂತರು. "ನಿನ್ನ ಕರ್ಕೊಂಡೋಗೋನು ನಾನು. ವಾಪಸ್ ತರೋನೂ ನಾನೇ. ಜೀವ್ದಲ್ಲಿ ತತ್ತೀನಿ, ಅದಾಗ್ನಿಲ್ಲ ಅಂದ್ರೂ ತತ್ತೀನಿ. ರಾಯಪ್ಪನ ಪಕ್ಕದಲ್ಲೇ ಮಲ್ಗುಸ್ತೀನಿ. ಏಳವ್ವ," ಎಂದರು.

ಅದು ಅವರ ಕೈಯಲ್ಲಿದ್ದ ಮಾತಲ್ಲ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಲೂರ್ದಮ್ಮ ನಂಬಿ ಎದ್ದರು. ಸ್ವಾಮಿಗಳು ಹತ್ತಾರು ಕಡೆ ಫೋನು ಮಾಡಿ ಮೈಸೂರಿನಲ್ಲಿ ಒಂದು ಹಾಸಿಗೆ ಹಿಡಿದರು. ಪಾಷಾ ಅವರು ಓಮ್ನಿಯ ಹಿಂದಿನ ಸೀಟು ಕಳಚಿ ಸಿಲಿಂಡರಿನ ಸಮೇತ ಬಂದರು. ಮಾವ ಅದರಲ್ಲೇ ಹೋಗಿ, ಅವರನ್ನು ಸೇರಿಸಿ, ಬೆಳಗಾಗುವ ಹೊತ್ತಿಗೆ ಮರಳಿದರು. ಪರೀಕ್ಷೆಯಲ್ಲಿ ಸೆಲ್ವಿಗೂ ಸೋಂಕಿದೆ ಎಂದು ಬಂದು, ಯಾರೂ ಒಳಹೊರಗೆ ಹೋಗದಂತೆ ಪಂಚಾಯಿತಿಯವರು ಅವಳ ಬಾಗಿಲಿಗೆ ಪಟ್ಟಿ ಕಟ್ಟಿದರು. ಮಾವನಿಗೆ ಹೇಗೋ ಅಂಟಲಿಲ್ಲ.

ಎರಡು ದಿನ ಮೊದಲೇ ಬಂದಿದ್ದರೆ ನೋಡಬಹುದಿತ್ತು ಎಂದು ಅಲ್ಲಿನ ಡಾಕ್ಟರು ಅಂದರಂತೆ. ಮಾವ ಇದನ್ನು ನನಗೆ ಹೇಳಲಿಲ್ಲ. ಪಾಷಾ ಅವರು ಬಾಯಿತಪ್ಪಿ ಹೇಳಿದರು. ಆರನೆಯ ದಿನ ಸಂಜೆ, ಜಪದ ಮೂರನೆಯ ಕರೆ ನಡೆಯುತ್ತಿದ್ದಾಗ, ಲೂರ್ದಮ್ಮ ತೀರಿಕೊಂಡ ಸುದ್ದಿ ಬಂತು.

"ಮನೇಲೇ ಬುಟ್ಟಿದ್ರೆ ಮಗ್ಳ ಕೈನಾರಾ ಇಡ್ಕಂಡಿರೋಳು. ಕರ್ಕೊಂಡೋಗಿ ನಾನೇನು ಮಾಡ್ದಂಗಾಯ್ತು?" ಎಂದು ಮಾವ ಕೇಳಿದರು. ಹನ್ನೊಂದನೆಯ ತಾರೀಖು ನಾನು ಬಾಗಿಲಿಗೆ ಅಡ್ಡ ನಿಂತ ಮಾತನ್ನು ಅವರು ಎತ್ತಲೂ ಇಲ್ಲ. ಎತ್ತಿ ಬೈದಿದ್ದರೆ ನನಗೆ ಸುಖವಾಗುತ್ತಿತ್ತು.

ಪಂಚಾಯಿತಿಯ ಶಶಿಕುಮಾರ್ ಒಳ್ಳೆಯ ಹುಡುಗ. ಫೋನು ಮಾಡಿ ನಿಯಮ ಹೇಳಿದ. ಗುಂಡಿ ಎಂಟಡಿ ಆಳ ಇರಬೇಕು, ಸ್ಮಶಾನದಲ್ಲಿ ಒಂದು ಸಲಕ್ಕೆ ನಾಲ್ಕೇ ಜನ. ನಾಳೆ ಹನ್ನೆರಡರೊಳಗೆ ಗುಂಡಿ ಸಿದ್ಧವಿದೆ ಎಂದು ತಾನು ನೋಡಿ ತಿಳಿಸಿದರೆ ಗಾಡಿ ಮೈಸೂರಿನಿಂದ ಹೊರಡುತ್ತದೆ, ಇಲ್ಲದಿದ್ದರೆ ಅಲ್ಲೇ ಸುಟ್ಟುಬಿಡುತ್ತಾರೆ. ಜೆಸಿಬಿ ತರೋಣವೆಂದರೆ ಸಮಾಧಿಗಳ ನಡುವೆ ಅದಕ್ಕೆ ದಾರಿಯಿಲ್ಲ. ನಮ್ಮಲ್ಲಿ ಗುಂಡಿಗೆ ಆಳು ಇಡುವ ಪದ್ಧತಿಯೂ ಇಲ್ಲ. ಸತ್ತವರ ಗುಂಡಿಯನ್ನು ಕೇರಿಯ ಗಂಡಸರೇ ಗುಂಪು ಸೇರಿ, ಮಾತಾಡಿಕೊಂಡು ತೋಡುತ್ತಾರೆ. ಈಗ ಗುಂಪೂ ಇಲ್ಲ, ಯಾರಿಗೂ ಧೈರ್ಯವೂ ಇಲ್ಲ.

ಬೆಳಿಗ್ಗೆ ಆರಕ್ಕೆ ಮಾವ ಗುದ್ದಲಿ ಹೆಗಲಿಗೇರಿಸಿ ಹೊರಟರು. ನಾನು ತಡೆಯಲಿಲ್ಲ, ಜೊತೆಗೆ ಹೋದೆ. ಅವರು ರಾಯಪ್ಪನ ಸಮಾಧಿಯ ಪಕ್ಕ ನಾಲ್ಕು ಮೂಲೆ ಗುರುತು ಮಾಡಿ, ಫೋನು ತೆಗೆದು, ಮೊದಲ ಐದು ಮನೆಗಳನ್ನು ಕರೆಗೆ ಸೇರಿಸಿದರು.

"ಗುಂಪು ಬ್ಯಾಡ. ಒಂದೊಂದ್ ಮನೆಯಿಂದ ಒಬ್ಬ ಬನ್ನಿ, ನಿಮ್ಮನಿಮ್ಮ ಗುದ್ಲಿ ತನ್ನಿ. ಅವ್ನು ತೋಡಾಗ ಅವ್ನ ಮನೆಯವ್ರು ಫೋನಲ್ಲಿ ಹತ್ತು ಮಣಿ ಯೋಳ್ಲಿ. ಹತ್ತು ಮುಗುದ್ರೆ ಅವ್ನು ಮ್ಯಾಕತ್ತಿ ಮನೆಗೋಗ್ಲಿ, ಮುಂದ್ಲೋನು ಇಳೀಲಿ. ಅಷ್ಟೊತ್ತು ಗಾಳೀಲಿ ನಿಂತ್ರೆ ಯಾರೂ ಸಾಯಕಿಲ್ಲ," ಎಂದರು.

ಮೊದಲ ಸರದಿಯ ಮಂಟಯ್ಯನವರ ಮನೆಯ ಕದ ತೆರೆದ ಸದ್ದು ಫೋನಿನಲ್ಲೇ ಕೇಳಿತು.

ಹಾಗೆ ಶುರುವಾಯಿತು. ಒಬ್ಬ ಇಳಿಯುವುದು, ಫೋನಿನಲ್ಲಿ ಅವನ ಹೆಂಡತಿಯೋ ಮಗಳೋ ಜಪ ಹೇಳುವುದು, ಅವನು ಹತ್ತುವುದು, ಬೇಲಿಯಾಚೆ ದೂರದಲ್ಲಿ ನಿಂತಿದ್ದವನು ಬರುವುದು. ಇಪ್ಪತ್ತು ಮನೆಗೆ ನಾಲ್ಕು ಕರೆ, ಮತ್ತೆ ಮೊದಲಿನಿಂದ. ನಾನು ಮೇಲಿನ ಮಣ್ಣು ಎಳೆದು ಹಾಕುತ್ತಿದ್ದೆ, ಗಳಿಗೆಗೊಮ್ಮೆ ಬಿಸಿಲು ನೋಡುತ್ತಿದ್ದೆ. ನಾಲ್ಕಡಿಗೆ ಗಟ್ಟಿ ಕೆಂಪು ಮಣ್ಣು ಸಿಕ್ಕಿ ಕೆಲಸ ನಿಧಾನವಾಯಿತು. ಗಾಡಿ ಬರದಿದ್ದರೆ ಮಾವ ಬದುಕುವುದಿಲ್ಲ ಎಂದು ನನಗೆ ಖಂಡಿತವಾಗಿ ಅನ್ನಿಸಿತ್ತು.

ಲೂರ್ದಮ್ಮನ ಮನೆಯ ಸರದಿಯನ್ನು ಮಾವ ಬಿಡಲಿಲ್ಲ. ಪಟ್ಟಿ ಕಟ್ಟಿದ ಮನೆಯಿಂದ ಸೆಲ್ವಿ ಕರೆಯಲ್ಲಿದ್ದಳು, ಆದರೆ ದನಿ ಬರಲಿಲ್ಲ. ಎರಡು ಸುತ್ತೂ ಆ ಸರದಿಗೆ ಮಾವನೇ ಇಳಿದು, ಏದುಸಿರಿನಲ್ಲಿ ತಾವೇ ಜಪ ಹೇಳಿಕೊಂಡು ತೋಡಿದರು. ಮೂರನೆಯ ಸುತ್ತಿನಲ್ಲಿ ಆ ಸರದಿ ಬಂದಾಗ ಹನ್ನೊಂದೂ ಕಾಲು. ಮಾವ ಗುದ್ದಲಿ ಊರಿಕೊಂಡು ಗುಂಡಿಯ ಅಂಚಿಗೆ ಕೂತುಬಿಟ್ಟರು. ಹೆಂಗಸರು ಗುಂಡಿಗೆ ಇಳಿಯುವುದು ನಮ್ಮಲ್ಲಿಲ್ಲ. ನಾನು ಸೆರಗು ಸಿಕ್ಕಿಸಿ, ಏಣಿ ಹಿಡಿದು ಇಳಿದೆ. ಮಾವ ತಮ್ಮ ಗುದ್ದಲಿ ಕೆಳಗೆ ಕೊಟ್ಟರು.

"ಯಾರು ಇಳುದ್ರು ದೊಡ್ಡಪ್ಪ?" ಎಂದು ಮೇಲಿನಿಂದ ಸೆಲ್ವಿಯ ದನಿ ಬಂತು. ಮಾವ ಫೋನನ್ನು ಗುಂಡಿಯ ಅಂಚಿಗೆ ಇಟ್ಟಿದ್ದರು.

"ನಮ್ ಮೇರಿ ಕಣವ್ವ."

"ಅಕ್ಕ, ನಾನು ಯೋಳ್ತೀನಿ. ನೀನು ತೋಡು," ಎಂದು ಸೆಲ್ವಿ ಜಪ ಹಿಡಿದಳು.

ಅವಳ ಅಮ್ಮನನ್ನು ಆಸ್ಪತ್ರೆಗೆ ಸೇರಿಸಲು ಒಂದು ದಿನ ತಡ ಮಾಡಿಸಿದವಳು ನಾನು ಎಂದು ಅವಳಿಗೆ ಗೊತ್ತಿರಲಿಲ್ಲ. ತೋಡಿದೆ. ಅಂಗೈಯಲ್ಲಿ ಬೊಬ್ಬೆ ಬಂದು ಒಡೆದವು. ಹತ್ತು ಮಣಿ ಮುಗಿದವು. ಸೆಲ್ವಿ ನಿಲ್ಲಿಸಲಿಲ್ಲ. ಹದಿನೈದಾಯಿತು, ಇಪ್ಪತ್ತಾಯಿತು, ಆಮೇಲೆ ನಾನು ಎಣಿಸಲಿಲ್ಲ. ಕರೆಯಲ್ಲಿದ್ದ ಮಿಕ್ಕ ನಾಲ್ಕು ಮನೆಯವರು ಒಂದೊಂದಾಗಿ ಅವಳ ಜೊತೆ ದನಿ ಸೇರಿಸಿದರು. ಶಶಿಕುಮಾರ್ ಬಂದು ಟೇಪು ಇಳಿಬಿಟ್ಟು ಅಳೆದ, ಗಾಡಿಯವರಿಗೆ ಹೊರಡಿ ಎಂದು ಫೋನು ಮಾಡಿದ.

"ಎಂಟಡಿ ಆಯ್ತು ಕಣಕ್ಕ, ಸಾಕು ಮ್ಯಾಕೆ ಬನ್ನಿ," ಎಂದ.

"ತಡಿಯಪ್ಪ, ಅವ್ಳು ಇನ್ನೂ ಮುಗ್ಸಿಲ್ಲ," ಎಂದರು ಮಾವ.

ಶಶಿಕುಮಾರ್ ಟೇಪು ಸುತ್ತಿಕೊಂಡು ಹಿಂದೆ ಸರಿದ. ನಾನು ಮತ್ತೆ ಗುದ್ದಲಿ ಎತ್ತಿದೆ.